ಒಂದು ಕೊಂಡಿ ಕಡಿಮೆ

ನಾಲ್ಕು ಸಲ ಅವಕಾಶ, ಹತ್ತು ಗಜ ದೂರ.
ಆಟ ಅಂದರೆ ಇಷ್ಟೇ, ಮಿಕ್ಕಿದ್ದೆಲ್ಲ ಗದ್ದಲ.
ಆ ಹತ್ತು ಗಜವನ್ನು ನಲವತ್ತೊಂದು ವರ್ಷ
ಶುಕ್ರವಾರದ ರಾತ್ರಿಗಳಲ್ಲಿ ಹಿಡಿದು ನಿಂತವನು ನಾನು,
ನೆಬ್ರಾಸ್ಕಾದ ಡೆಲ್ಮರ್ ಹ್ರೂಸ್ಕಾ.
ಸರಪಳಿಯ ಹಿಂದಿನ ಕೋಲು ನನ್ನದು.
ಮುಂದಿನದು ಬೀಜದಂಗಡಿ ಎಮಿಲನದು; ಕಿವಿ ಮಂದ,
ರೆಫರಿ ಕೂಗಿದ್ದನ್ನು ನನ್ನ ಮುಖ ನೋಡಿ ತಿಳಿಯುತ್ತಿದ್ದ.

ಆಡಿದವನಲ್ಲ ನಾನು.
ಹದಿನಾರರಲ್ಲಿ ಒಂದೇ ಒಂದು ಪಂದ್ಯ, ಕೊನೆಯ ಮೂರು ನಿಮಿಷ;
ಯಾರದೋ ಹೆಲ್ಮೆಟ್ಟು ನನ್ನ ಮೊಣಕಾಲನ್ನು ಮಾತಾಡಿಸಿತು.
ಇಲ್ಲಿಗೆ ಮುಗಿಯಿತು, ಅಂದರು ಡಾಕ್ಟರು.
ಮುಗಿಯಲಿಲ್ಲ.
ಕಾಲಿನಿಂದ ಕಣ್ಣಿಗೆ ಏರಿತು.

ರಿವೋಲಿ ಟಾಕೀಸು, ಮೂರನೆಯ ಸಾಲು, ಸ್ಪ್ರಿಂಗು ಕಿತ್ತ ಕುರ್ಚಿ:
ಫುಟ್ಬಾಲಿನ ಸಿನಿಮಾ ಬಂದರೆ ಬಿಟ್ಟವನಲ್ಲ.
ಕುಡುಕ ಕೋಚು ಬಾಟಲಿ ಬಿಸಾಡುವುದು,
ಮಾತು ಬಿಟ್ಟ ಅಪ್ಪ ಮಗ ಗೋಲುಗಂಬದ ಕೆಳಗೆ ಅಪ್ಪಿಕೊಳ್ಳುವುದು,
ಗಡಿಯಾರದಲ್ಲಿ ಎರಡೇ ಸೆಕೆಂಡು ಉಳಿದಾಗ
ಚೆಂಡು ಒಂದಿಡೀ ಸಿಗರೇಟು ಸುಡುವಷ್ಟು ಹೊತ್ತು
ಗಾಳಿಯಲ್ಲೇ ತಿರುಗುವುದು.
ಗೊತ್ತಿದ್ದೂ ಗೊತ್ತಿದ್ದೂ ಗಂಟಲು ಕಟ್ಟುತ್ತದೆ.
ಮಿಲಾಡಾ ತಿರುಗಿ ಕೂಡ ನೋಡದೆ ಕರ್ಚೀಫು ಚಾಚುತ್ತಾಳೆ.

ಆದರೆ ಒಂದು ಸಿನಿಮಾದಲ್ಲಾದರೂ ಅಳೆಯುತ್ತಾರಾ?
ಅಷ್ಟೊಂದು ಓಡುತ್ತಾರೆ, ಒಂದು ಸರಪಳಿ ಇಲ್ಲ!
ದಾರಿಯುದ್ದಕ್ಕೂ ಗೊಣಗುತ್ತೇನೆ.
‘ಪ್ರೇಮದ ಸಿನಿಮಾದಲ್ಲಿ ಪಾತ್ರೆ ತೊಳೆಯೋದು ತೋರಿಸ್ತಾರಾ?’
ಅನ್ನುತ್ತಾಳೆ ಅವಳು.

ಒಂದು ನವೆಂಬರಿನಲ್ಲಿ ನಮ್ಮ ಮೈದಾನಕ್ಕೇ ಬಂತು ಸಿನಿಮಾ.
ಎಂಟು ಲಾರಿ, ಸುಳ್ಳು ಹಿಮ ಊದುವ ಯಂತ್ರ,
ನಿಜದ ಹಿಮ ಬೀಳುತ್ತಿದ್ದರೂ.
ಉಣ್ಣೆ ಟೋಪಿಯ ಹುಡುಗಿಯೊಬ್ಬಳು ಬಂದು
‘ಆ ಸರಪಳಿ ಸ್ವಲ್ಪ ಆಚೆ, ಫ್ರೇಮಿಗೆ ಬರುತ್ತೆ’ ಅಂದಳು.
ಸರಿದೆ. ನಾಲ್ಕು ಹೆಜ್ಜೆ.
ಹೀರೋ ಕೊನೆಯ ಚೆಂಡು ಹಿಡಿಯಬೇಕು.
ಮೊದಲ ಸಲ ಬೆರಳ ತುದಿಗೆ ತಾಗಿ ಬಿತ್ತು,
ಎರಡನೆಯ ಸಲ ಭುಜಕ್ಕೆ ಬಡಿದು.
ಆಮೇಲೆ ಎಣಿಸತೊಡಗಿದೆ, ಎಣಿಕೆ ನನ್ನ ಕಸುಬು.
ಹದಿನಾರು ಸಲ ಬಿತ್ತು.
ಬಿಸಿ ಸೂಪಿನ ಆಸೆಗೆ ಬಂದು ಕೂತ ನಮ್ಮೂರಿನವರು
ಹದಿನಾರು ಸಲವೂ ಎದ್ದು ನಿಂತು ಕೂಗಿದರು,
ಬಿದ್ದ ಚೆಂಡಿಗೆ.
ಹದಿನೇಳನೆಯದು ಸಿನಿಮಾ.

ಅದರ ಹಿಂದಿನ ವರ್ಷ,
ಇದೇ ಮೈದಾನ, ಹೆಚ್ಚೂಕಡಿಮೆ ಇದೇ ಗೆರೆ.
ನಾಲ್ಕನೆಯ ಅವಕಾಶ. ನನ್ನ ತಂಗಿಯ ಮಗ ರೋಲಿ
ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ನುಗ್ಗಿದ, ಬಿದ್ದ,
ಅವನ ಮೇಲೆ ಆರು ಜನ.
ರೆಫರಿ ಕೈ ಬೀಸಿದ. ಹೋದೆವು ನಾನೂ ಎಮಿಲನೂ ನಡು ಮೈದಾನಕ್ಕೆ.
ಪಾಪ್‌ಕಾರ್ನ್ ಅಗಿಯುವ ಸದ್ದೂ ನಿಂತಿತ್ತು.
ಎಮಿಲ ಸರಪಳಿ ಬಿಗಿ ಎಳೆದ.
ರೋಲಿ ಚೆಂಡು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದ.
ನನ್ನ ಕೋಲು ಎರಡು ಬೆರಳು ಹಿಂದೆ ಜಾರಿದ್ದರೆ ಸಾಕಿತ್ತು.
ಜಾರಲಿಲ್ಲ.
ಒಂದು ಕೊಂಡಿ ಕಡಿಮೆ.
ಎರಡು ಕ್ರಿಸ್ಮಸ್ಸಿಗೆ ತಂಗಿ ನಮ್ಮನ್ನು ಕರೆಯಲಿಲ್ಲ.

ರಿವೋಲಿ ಈಗ ಟೈರಿನ ಗೋದಾಮು.
ರೋಲಿಗೆ ತಲೆ ಬೋಳು, ಹೊಟ್ಟೆ ಬಂದಿದೆ.
ಭಾನುವಾರ ಬಿಯರು ಹಿಡಿದು ಬರುತ್ತಾನೆ,
ಆ ಹಳೆಯ ಕ್ಯಾಸೆಟ್ಟು ಹಾಕುತ್ತಾನೆ.
ಒಂದು ಗಂಟೆ ಮೂವತ್ತೆಂಟನೆಯ ನಿಮಿಷ, ಪರದೆಯ ಎಡಮೂಲೆ,
ಬೆರಳಗಲ ಕಿತ್ತಳೆ ಬಣ್ಣ: ನನ್ನ ಜಾಕೆಟ್ಟಿನ ತೋಳು.
‘ಮಾವ, ಅಗೋ ನೀನು’ ಅನ್ನುತ್ತಾನೆ, ಪ್ರತಿ ಸಲ.
ಆಮೇಲೆ ಹೀರೋ ಹಾರುತ್ತಾನೆ, ಹಿಡಿಯುತ್ತಾನೆ,
ನಾನು ಕರ್ಚೀಫು ಹುಡುಕುತ್ತೇನೆ.

ಕಳೆದ ವಾರ ಅವನೇ ಕೇಳಿದ, ಮೊದಲ ಸಲ:
‘ಇವನದ್ದು ಅಳೆದಿದ್ರೆ?’
‘ಅರ್ಧ ಗಜ ಕಡಿಮೆ’ ಅಂದೆ.
ನಕ್ಕು ನಕ್ಕು ಅವನ ಬಿಯರು ಜಮಖಾನಕ್ಕೆ ಚೆಲ್ಲಿತು.
ರಿವೈಂಡ್ ಒತ್ತಿದ. ಚೆಂಡು
ಆ ಕೈಗಳಿಂದ ಮೆಲ್ಲಗೆ ಬಿಡಿಸಿಕೊಂಡು
ಹಿಮದೊಳಕ್ಕೆ ವಾಪಸು ಹೋಯಿತು.